ಅರ್ಧ ಗಂಟೆ ಮುಚ್ಚಿದ ಬಾಗಿಲು

ಪುಷ್ಯ ಮಾಸದ ರಾತ್ರಿ. ಅಂಗಳದಲ್ಲಿ ಹಿಪ್ಪುನೇರಳೆ ಕಡ್ಡಿಯ ಬೆಂಕಿ ಹಾಕಿಕೊಂಡು ಕೂತಿದ್ದೆವು. ಕನಕಪುರದ ಕಡೆಯ ನಮ್ಮೂರಲ್ಲಿ ರೇಷ್ಮೆ ಹುಳು ಸೊಪ್ಪು ತಿಂದು ಬಿಟ್ಟ ಕಡ್ಡಿಯೇ ಒಲೆಗೂ ಆಗುತ್ತದೆ, ಚಳಿಗೂ ಆಗುತ್ತದೆ. ಬೇಗ ಹೊತ್ತಿಕೊಳ್ಳುತ್ತದೆ, ಅಷ್ಟೇ ಬೇಗ ಕೆಂಡಕ್ಕಿಳಿಯುತ್ತದೆ. ಪಕ್ಕದಲ್ಲಿ ಒಂದು ಹೊರೆ ಇಟ್ಟುಕೊಂಡೇ ಕೂರಬೇಕು. ಅವತ್ತು ಕಡ್ಡಿ ಹಾಕುವ ಕೆಲಸ ತಂಗಿಯ ಮಗಳದ್ದು. ಲ್ಯಾಬ್ ಟೆಕ್ನಿಷಿಯನ್ ಓದಲು ಸೇರಿ ಅವಳಿಗೆ ಕೆಲವೇ ತಿಂಗಳಾಗಿತ್ತು. ಎಡಗೈಯನ್ನು ಶಾಲಿನೊಳಗೇ ಇಟ್ಟುಕೊಂಡು ಬಲಗೈಯಲ್ಲಿ ಕಡ್ಡಿ ಮುರಿಯದೆ ಹಾಗೇ ತಳ್ಳುತ್ತಿದ್ದಳು.

“ದೊಡ್ಡಮ್ಮ, ಮೂವತ್ತು ವರ್ಷ ಊರೋರ ಕಫ, ರಕ್ತ ಎಲ್ಲಾ ಮುಟ್ಟಿದ್ದೀಯ. ಒಂದು ಸಲನಾದ್ರೂ ಭಯ ಆಗ್ಲಿಲ್ವಾ?”

“ಆಗಿದೆ ಕಣವ್ವ. ಒಂದು ರಾತ್ರಿ ಲ್ಯಾಬಿನ ಬಾಗಿಲು ಹಾಕ್ಕೊಂಡು ಅರ್ಧ ಗಂಟೆ ಮೆಟ್ಟಿಲ ಮೇಲೆ ಕೂತಿದ್ದೆ. ಅದನ್ನ ಹೇಳ್ತೀನಿ, ಕೇಳು” ಎಂದೆ.

ಅದು 2020ರ ಮಾತು. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಬೆಂಗಳೂರಿನ ಮಗ್ಗುಲಲ್ಲೇ ಇದ್ದರೂ ರಾಮನಗರ ಜಿಲ್ಲೆಯಲ್ಲಿ ಏಪ್ರಿಲ್ ನಡುವಿನವರೆಗೆ ಒಂದು ಕೊರೊನಾ ಪ್ರಕರಣವೂ ಇರಲಿಲ್ಲ. ಹಸಿರು ವಲಯ ಎಂದು ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಏಪ್ರಿಲ್ 19ರಂದು ಬೆಂಗಳೂರಿನ ಪಾದರಾಯನಪುರದಲ್ಲಿ ಕ್ವಾರಂಟೈನ್‌ಗೆ ಕರೆದೊಯ್ಯಲು ಹೋದ ಸಿಬ್ಬಂದಿಯ ಮೇಲೆ ಗಲಾಟೆಯಾಯಿತು. ಬಂಧಿತರಾದ ನೂರಕ್ಕೂ ಹೆಚ್ಚು ಜನರನ್ನು ರಾಮನಗರದ ಜೈಲಿಗೆ ತಂದರು. ಎರಡು ಮೂರು ದಿನಕ್ಕೆ ಅವರಲ್ಲಿ ಕೆಲವರಿಗೆ ಸೋಂಕು ಇದೆ ಎಂದು ವರದಿ ಬಂತು. ಅವರನ್ನು ಇಲ್ಲಿಗೆ ಕಳಿಸಬಾರದಿತ್ತೆಂದು ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಬಹಿರಂಗವಾಗಿ ಆಕ್ಷೇಪಿಸಿದರು. ಕೊನೆಗೆ ಎಲ್ಲರನ್ನೂ ಬೆಂಗಳೂರಿನ ಹಜ್ ಭವನಕ್ಕೆ ಸಾಗಿಸಿದರು. ಜೈಲಿನ ಸಿಬ್ಬಂದಿ, ಪೊಲೀಸರು ಮನೆಗೆ ಹೋಗಲಾರದೆ ಕ್ವಾರಂಟೈನ್ ಸೇರಿದರು.

ಆ ವಾರ ನಮ್ಮ ಜನರ ಮುಖ ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. ಅಲ್ಲಿಯವರೆಗೆ ಕಾಯಿಲೆಯ ಭಯ ಇತ್ತು. ಆಮೇಲೆ ಕಾಯಿಲೆ ಇದೆ ಅನ್ನಿಸಿಕೊಳ್ಳುವ ಭಯ ಶುರುವಾಯಿತು. ಕೈಗೆ ಮುದ್ರೆ, ಮನೆ ಬಾಗಿಲಿಗೆ ಚೀಟಿ. ಕೆಮ್ಮು ಬಂದವರು ಲೋಟ ಬಿಸಿನೀರು ಕುಡಿದು ಸುಮ್ಮನಾಗುತ್ತಿದ್ದರು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಅಂದರೆ ಬಾಡಿಗೆ ಮನೆ ಸಿಗುವುದೂ ಕಷ್ಟವಾಯಿತು. ರೋಗಕ್ಕಿಂತ ಮೊದಲು ಮುಚ್ಚಿಡುವುದು ಊರೂರಿಗೆ ಹರಡಿತು.

ಬೇಸಿಗೆ ಮುಗಿಯುವ ಹೊತ್ತಿಗೆ ಸಣ್ಣ ಲ್ಯಾಬುಗಳಲ್ಲೂ ಪರೀಕ್ಷೆ ಶುರುವಾಯಿತು. ಕ್ಷಯ ಪತ್ತೆಗೆ ಇಟ್ಟುಕೊಂಡಿದ್ದ ಟ್ರೂನ್ಯಾಟ್ ಯಂತ್ರವೇ ಕೊರೊನಾಕ್ಕೂ ಬಂತು. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನವರು ಕಟ್ಟಿದ, ಗೋವಾದ ಮೋಲ್‌ಬಯೋ ತಯಾರಿಸುವ ಪುಟ್ಟ ಪೆಟ್ಟಿಗೆ ಅದು. ಸುಮಾರು ಒಂದು ಗಂಟೆಯಲ್ಲಿ ಉತ್ತರ ಹೇಳುತ್ತದೆ. ಮೂಗು ಗಂಟಲಿನಿಂದ ತೆಗೆದ ಕಡ್ಡಿ ಗುಲಾಬಿ ಬಣ್ಣದ ದ್ರಾವಣದ ಟ್ಯೂಬಿನಲ್ಲಿ ಬರುತ್ತದೆ. ನಾವು ಅದನ್ನು ಬಯೋಸೇಫ್ಟಿ ಕ್ಯಾಬಿನೆಟ್ಟಿನೊಳಗೆ ತೆರೆದು, ವೈರಾಣುವನ್ನು ಸಾಯಿಸುವ ಇನ್ನೊಂದು ದ್ರಾವಣಕ್ಕೆ ಸೇರಿಸಬೇಕು. ಅಲ್ಲಿಂದಾಚೆಗೆ ಹೆಚ್ಚು ಅಪಾಯವಿಲ್ಲ. ಅಪಾಯವೆಲ್ಲ ಟ್ಯೂಬಿನ ಮುಚ್ಚಳ ತಿರುಗಿಸುವ ಆ ಕೆಲವು ಕ್ಷಣದಲ್ಲಿ.

ನಾನಿದ್ದ ಲ್ಯಾಬಿನ ಹೆಸರು ಬೇಡ. ಜಿಲ್ಲೆಯಲ್ಲೇ ಒಂದು ಸಣ್ಣ ಲ್ಯಾಬು, ಅಷ್ಟು ಸಾಕು. ಆಷಾಢದ ಗಾಳಿ ಕಿಟಕಿ ಬಡಿಯುತ್ತಿತ್ತು. ರಾತ್ರಿ ಒಂಬತ್ತು ದಾಟಿತ್ತು. ನನ್ನ ಜತೆ ಚನ್ನಪಟ್ಟಣದ ಒಬ್ಬ ಹುಡುಗ. ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಅವನ ಅಪ್ಪ ಹಾಲೆ ಮರದ ಬೊಂಬೆ ಕಡೆಯುವವರು. ಲಾಕ್‌ಡೌನಿನಲ್ಲಿ ಕೆಲಸ ನಿಂತು ಮನೆಯ ಭಾರವೆಲ್ಲ ಇವನ ಸಂಬಳದ ಮೇಲೆ ಬಿದ್ದಿತ್ತು. ಬೆಳಗಿನಿಂದ ಗೌನು, ಎನ್-95 ಮಾಸ್ಕು, ಎರಡು ಜತೆ ಗ್ಲೌಸು ಹಾಕಿಕೊಂಡು ಮುಖವೆಲ್ಲ ಬರೆ ಬಿದ್ದಿತ್ತು. ಕೊನೆಯ ಪೆಟ್ಟಿಗೆ ಬಂತು. ಕ್ಯಾಬಿನೆಟ್ಟಿನಲ್ಲಿ ನಾನು ಕೈಯಿಟ್ಟಿದ್ದೆ. ಎಣಿಸಿಬಿಡೋಣ ಅಂತ ಅವನು ಪೆಟ್ಟಿಗೆಯನ್ನು ಮೇಜಿನ ಮೇಲೇ ಬಿಚ್ಚಿದ.

ಒಂದು ಟ್ಯೂಬಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಮೇಲಿನ ಕವರೂ ಸೀಲಾಗಿರಲಿಲ್ಲ. ಎತ್ತುತ್ತಿದ್ದಂತೆ ಜಾರಿ ಮೇಜಿಗೆ ಬಡಿಯಿತು. ಗುಲಾಬಿ ನೀರು ಮೇಜಿನ ಅಂಚಿನವರೆಗೂ ಹರಿದು ಎರಡು ಹನಿ ನೆಲಕ್ಕೂ ಬಿತ್ತು.

ಅವನು ಪಕ್ಕದ ಹತ್ತಿಗೆ ಕೈ ಹಾಕಿದ, ಒರೆಸಲು.

“ಕೈ ತೆಗಿ. ಮುಟ್ಟಬೇಡ. ಆಚೆ ಬಾ” ಎಂದೆ. ನನ್ನ ದನಿ ನನಗೇ ಅಮ್ಮನ ದನಿಯ ಹಾಗೆ ಕೇಳಿತು.

ಬಾಗಿಲ ಬಳಿ ಹೊರಗಿನ ಗ್ಲೌಸು ಕಳಚಿ ಕೆಂಪು ಚೀಲಕ್ಕೆ, ಗೌನು ಕಳಚಿ ಹಳದಿ ಚೀಲಕ್ಕೆ ಹಾಕಿದೆವು. ಸೋಪು ಹಚ್ಚಿ ಕೈ ತೊಳೆದೆವು. ಬಾಗಿಲು ಎಳೆದು, “ಒಳಗೆ ಬರಬೇಡಿ” ಎಂದು ಚೀಟಿ ಅಂಟಿಸಿ, ಗಡಿಯಾರ ನೋಡಿದೆ. ಒಂಬತ್ತು ಇಪ್ಪತ್ತು. ಇನ್ನು ಅರ್ಧ ಗಂಟೆ ಒಳಗೆ ಕಾಲಿಡುವಂತಿಲ್ಲ. ದ್ರವ ಚೆಲ್ಲಿದಾಗ ಕಣ್ಣಿಗೆ ಕಾಣುವುದು ಮೇಜಿನ ಮೇಲಿನದು ಮಾತ್ರ. ಕಾಣದಷ್ಟು ಸಣ್ಣ ತುಂತುರು ಗಾಳಿಯಲ್ಲಿ ತೇಲುತ್ತಿರುತ್ತದೆ. ತಕ್ಷಣ ಒರೆಸಲು ಬಗ್ಗಿದವನು ನೇರ ಅದರೊಳಗೇ ಮುಖ ಇಡುತ್ತಾನೆ. ಆ ತುಂತುರು ಕೆಳಗೆ ಕೂರುವವರೆಗೆ ಸುಮ್ಮನೆ ಕಾಯಬೇಕು. ಆ ಹೊತ್ತಿನಲ್ಲಿ ಕಾಯುವುದೇ ಕೆಲಸ.

ಮೆಟ್ಟಿಲ ಮೇಲೆ ದೂರ ದೂರ ಕೂತೆವು. ಹುಡುಗ ಅಳುತ್ತಿದ್ದ.

“ಮೇಡಂ, ನಾವೇ ಒರೆಸಿಬಿಡೋಣ. ಯಾರಿಗೂ ಹೇಳೋದು ಬೇಡ. ಮನೆ ಓನರ್‌ಗೆ ಗೊತ್ತಾದ್ರೆ ನಾಳೆನೇ ಖಾಲಿ ಮಾಡಿಸ್ತಾರೆ.”

ಬೈಯಬಹುದಿತ್ತು, ಸಮಾಧಾನವನ್ನೂ ಹೇಳಬಹುದಿತ್ತು. ಎರಡೂ ಮಾಡದೆ ನಮ್ಮ ಹುಳು ಮನೆಯ ಕತೆ ಹೇಳಿದೆ.

ಅಮ್ಮನ ಹುಳು ಮನೆಗೆ ಒಂದೇ ಬಾಗಿಲು. ಹೊಸ್ತಿಲ ಬಳಿ ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿದ ಗೋಣಿತಾಟು. ಅದನ್ನು ತುಳಿದೇ ಒಳಗೆ ಹೋಗಬೇಕು. ಪಕ್ಕದಲ್ಲಿ ಕೈ ತೊಳೆಯಲು ಬೋಗುಣಿ. ನಾವು ಮಕ್ಕಳು ಸ್ಕೂಲಿಂದ ಬಂದ ಬಟ್ಟೆಯಲ್ಲಿ ಒಳಗೆ ಇಣುಕಿದರೂ ಅಮ್ಮ ಗದರುತ್ತಿದ್ದಳು. ತಟ್ಟೆ ಇಡುವ ಅಟ್ಟದ ಕಾಲಿನ ಕೆಳಗೆ ಇರುವೆ ಹತ್ತದಂತೆ ನೀರಿನ ಬಟ್ಟಲು. ಚಳಿಗಾಲದಲ್ಲಿ ಚಾಕಿ ಹುಳಕ್ಕೆ, ಅಂದರೆ ಎಳೆ ಹುಳಕ್ಕೆ, ಬಿಸಿ ಬೇಕು, ಹೊಗೆ ಆಗದು. ಹಾಗಾಗಿ ಇದ್ದಿಲನ್ನು ಅಂಗಳದಲ್ಲೇ ಹೊತ್ತಿಸಿ, ಹೊಗೆಯೆಲ್ಲ ಹೋದ ಮೇಲೆ ಬರೀ ಕೆಂಡವನ್ನು ಒಳಗೆ ತರುತ್ತಿದ್ದಳು. ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ಸೊಪ್ಪು ಹಾಕುವಂತಿಲ್ಲ, ಗದ್ದಲ ಮಾಡುವಂತಿಲ್ಲ. ಒಂದು ಹುಳು ಸೊರಗಿದ್ದು ಕಂಡರೆ ಬರಿಗೈಯಲ್ಲಿ ಎತ್ತುತ್ತಿರಲಿಲ್ಲ. ಎರಡು ಕಡ್ಡಿಯಲ್ಲಿ ಹಿಡಿದು ಸುಣ್ಣದ ನೀರಿನ ಬಟ್ಟಲಿಗೆ ಹಾಕುತ್ತಿದ್ದಳು. ತಟ್ಟೆಯಿಂದ ಆಚೆ ಎಸೆದದ್ದು ನನಗೆ ನೆನಪಿಲ್ಲ.

ಒಂದು ಬೆಳೆಯಲ್ಲಿ, ಹುಳು ನಾಲ್ಕನೇ ಜ್ವರ ಎದ್ದಿದ್ದವು. ಇನ್ನೊಂದು ವಾರಕ್ಕೆ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತಬೇಕು. ಆಗ ನೆಂಟರೊಬ್ಬರು ಬಂದರು. ದೊಡ್ಡವರು, ಬೇಡ ಎನ್ನಲಾಗಲಿಲ್ಲ. ಕಾಲು ತೊಳೆಯದೆ ಒಳಗೆ ಹೋಗಿ, ತಟ್ಟೆಯೊಳಗೆ ಕೈ ಆಡಿಸಿ, “ಹುಳ ಚೆನ್ನಾಗವೆ” ಅಂದು ಹೋದರು. ನಾಲ್ಕೈದು ದಿನಕ್ಕೆ ಹುಳು ಊದಿಕೊಂಡು, ಮೈ ಹಳದಿಯಾಗಿ, ತಟ್ಟೆಯ ಅಂಚಿನಲ್ಲಿ ಗೊತ್ತುಗುರಿಯಿಲ್ಲದೆ ಹರಿದಾಡತೊಡಗಿದವು. ಚರ್ಮ ಒಡೆದರೆ ಹಾಲಿನಂಥ ನೀರು. ಹಾಲು ರೋಗ. ಅದು ವೈರಾಣುವಿನಿಂದ ಬರುವ ರೋಗ, ಆ ಹಾಲಿನ ಒಂದು ತೊಟ್ಟು ಸೊಪ್ಪಿಗೆ ಬಿದ್ದರೆ ಸಾಕು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ನೆಂಟರ ಮನೆಯ ಹುಳುವಿಗೆ ಆ ರೋಗ ಮೊದಲೇ ಬಂದಿತ್ತು. ಮರ್ಯಾದೆಗೆ ಅಂಜಿ ಅವರು ಹೇಳಿರಲಿಲ್ಲ.

ಅಮ್ಮ ಅತ್ತಳು. ಆಮೇಲೆ ಮಾಡಿದ್ದನ್ನು ಮಾತ್ರ ಊರಲ್ಲಿ ಆವರೆಗೆ ಯಾರೂ ಮಾಡಿರಲಿಲ್ಲ. ಅಕ್ಕಪಕ್ಕದ ಮನೆ ಮನೆಗೆ ಹೋಗಿ, “ನಮ್ಮ ಹುಳಕ್ಕೆ ಹಾಲು ರೋಗ ಬಂದದೆ. ಯಾರೂ ಇತ್ಲಾಗೆ ಬರಬೇಡಿ. ನಮ್ಮ ಹೊಲದ ಸೊಪ್ಪು ಮುಟ್ಟಬೇಡಿ” ಎಂದು ಹೇಳಿ ಬಂದಳು. ಹುಳುವನ್ನೆಲ್ಲ ಆಳವಾಗಿ ಹೂತು ಸುಣ್ಣ ಸುರಿದಳು. ತಟ್ಟೆ, ಚಂದ್ರಿಕೆ ಬಿಸಿಲಿಗೆ ಬಿದ್ದವು. ಗೋಡೆ, ಚಾವಣಿಗೆಲ್ಲ ಫಾರ್ಮಲಿನ್ ಹೊಡೆದು ಒಂದು ಹಗಲು ಒಂದು ರಾತ್ರಿ ಬಾಗಿಲು ಮುಚ್ಚಿಟ್ಟಳು. ಆ ದಿನ ಬಾಗಿಲ ಹೊರಗೆ ಅವಳು ಕೂತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮುಂದಿನ ಬೆಳೆಯಲ್ಲಿ ನಮ್ಮ ಬೀದಿಯ ಯಾರ ಮನೆಯ ಹುಳುವೂ ಸಾಯಲಿಲ್ಲ.

ಹುಡುಗ ಅಳು ನಿಲ್ಲಿಸಿದ್ದ. “ನಮ್ಮ ಲ್ಯಾಬೂ ಹುಳು ಮನೆ ಥರಾನೇನಾ ಮೇಡಂ?” ಎಂದ.

“ತಿರುಗಿಸಿ ಹಾಕಿದ ಹುಳು ಮನೆ” ಎಂದೆ. ಹುಳು ಮನೆಯಲ್ಲಿ ಹೊರಗಿನ ರೋಗ ಒಳಗೆ ಹೋಗಬಾರದು. ಲ್ಯಾಬಿನಲ್ಲಿ ಒಳಗಿನದು ಹೊರಗೆ ಬರಬಾರದು. ಬಾಗಿಲು ಅದೇ, ದಿಕ್ಕು ಬೇರೆ. ಕಾಯಬೇಕಾದ ಹೊಸ್ತಿಲು ಒಂದೇ. ಹೊಸ್ತಿಲು ಒಮ್ಮೆ ತಪ್ಪಿದರೆ ಏನಾಗುತ್ತದೆ ಎಂದು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜತೆ ಹುಳುವನ್ನು ಕೊಲ್ಲುವ ಊಜಿ ನೊಣ ಕರ್ನಾಟಕಕ್ಕೆ ಬಂತು. ಅದಕ್ಕೆ ಮುಂಚೆ ನಮ್ಮಲ್ಲಿ ಆ ಹೆಸರೇ ಇರಲಿಲ್ಲ. ಬಂದದ್ದು ತಿರುಗಿ ಹೋಗಲಿಲ್ಲ. ಇವತ್ತಿಗೂ ಪ್ರತಿ ಹುಳು ಮನೆಯ ಕಿಟಕಿಗೆ ನೈಲಾನ್ ಬಲೆ ಕಟ್ಟುತ್ತಿದ್ದೇವೆ.

ಅವನು ಕಾಲೇಜಿನಲ್ಲಿ ಬಿಎಸ್‌ಎಲ್ ಒಂದು, ಎರಡು, ಮೂರು, ನಾಲ್ಕು ಎಂದು ಬಾಯಿಪಾಠ ಮಾಡಿದ್ದ. ಜೈವಿಕ ಸುರಕ್ಷತೆಯ ನಾಲ್ಕು ಹಂತ. ಆದರೆ ಅದು ರೋಗಾಣುಗಳ ಶ್ರೇಣಿ ಎಂದೇ ತಿಳಿದುಕೊಂಡಿದ್ದ. ಅಲ್ಲ, ಅದು ಕೋಣೆಯ ಮತ್ತು ಕೆಲಸದ ಲೆಕ್ಕ ಎಂದು ಅಲ್ಲೇ ಬಿಡಿಸಿ ಹೇಳಿದೆ. ಆರೋಗ್ಯವಂತರಿಗೆ ಕಾಯಿಲೆ ತರದ ಸೂಕ್ಷ್ಮಜೀವಿಗಳನ್ನು ಮಕ್ಕಳಿಗೆ ತೋರಿಸುವ ಕಾಲೇಜು ಲ್ಯಾಬು ಒಂದನೆಯದು. ಅಲ್ಲಿ ಕೋಟು, ಕೈ ತೊಳೆಯುವ ನಲ್ಲಿ, ಒಳ್ಳೆಯ ಅಭ್ಯಾಸ ಇದ್ದರೆ ಸಾಕು. ರಕ್ತ, ಮೂತ್ರ, ಗಂಟಲ ದ್ರವ ಬರುವ ನಮ್ಮಂಥ ಆಸ್ಪತ್ರೆ ಲ್ಯಾಬು ಎರಡನೆಯದು. ತುಂತುರು ಏಳುವ ಕೆಲಸವನ್ನು ಕ್ಯಾಬಿನೆಟ್ಟಿನೊಳಗೇ ಮಾಡಬೇಕು. ಅದು ಮುಂದಿನ ಬಾಯಿಂದ ಗಾಳಿಯನ್ನು ಒಳಗೆ ಎಳೆದು ಹೆಪಾ ಫಿಲ್ಟರಿನಲ್ಲಿ ಸೋಸಿ ಬಿಡುತ್ತದೆ. ನಮ್ಮನ್ನೂ ಕಾಯುತ್ತದೆ, ಸ್ಯಾಂಪಲನ್ನೂ ಕಾಯುತ್ತದೆ. ಮೂರನೆಯದರಲ್ಲಿ ಇಡೀ ಕೋಣೆಯೇ ಹಾಗೆ: ಎರಡು ಬಾಗಿಲು, ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆ, ಬಾಗಿಲು ತೆಗೆದರೂ ಗಾಳಿ ಒಳಗೇ ನುಗ್ಗಬೇಕು, ಹೊರಗೆ ಬರಬಾರದು. ನಾಲ್ಕನೆಯದರಲ್ಲಿ ಕೆಲಸಗಾರರು ಉಸಿರಿಗೂ ಬೇರೆ ಗಾಳಿಯ ಕೊಳವೆ ಹೊತ್ತ ಮುಚ್ಚಿದ ಉಡುಪಿನಲ್ಲಿ ಇರುತ್ತಾರೆ. ಅಂಥದ್ದು ನಮ್ಮ ದೇಶದಲ್ಲಿ ಮೊದಲು ಬಂದದ್ದು 2012ರಲ್ಲಿ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ.

“ಹಂಗಾದ್ರೆ ಕೊರೊನಾ ಯಾವ ಹಂತ?”

“ಏನು ಮಾಡ್ತೀಯ ಅನ್ನೋದರ ಮೇಲೆ. ಪರೀಕ್ಷೆ ಮಾಡೋದಕ್ಕೆ ಎರಡನೇದು ಸಾಕು. ಆ ವೈರಾಣುವನ್ನ ಬೆಳೆಸೋದಕ್ಕೆ ಮೂರನೇದು ಬೇಕು. ಕ್ಷಯಾನೂ ಹಂಗೇ. ಕಫದ ಸ್ಲೈಡ್ ಮಾಡೋದನ್ನ ಗಾಳಿ ಚೆನ್ನಾಗಿ ಆಡೋ ಕೋಣೆಯ ಮೇಜಿನ ಮೇಲೂ ಮಾಡಬಹುದು. ಅದನ್ನೇ ಬೆಳೆಸಿ, ಯಾವ ಮದ್ದಿಗೆ ಬಗ್ಗುತ್ತೆ ಅಂತ ನೋಡಬೇಕಾದ್ರೆ ಮುಚ್ಚಿದ ಲ್ಯಾಬೇ ಆಗಬೇಕು.”

ಈ ಹಂತಗಳೆಲ್ಲ ಸುಮ್ಮನೆ ಕಾಗದದ ಮೇಲೆ ಹುಟ್ಟಿದವಲ್ಲ. ನಮ್ಮ ರಾಜ್ಯದ ಕಾಡೇ ಅದಕ್ಕೊಂದು ಸಾಕ್ಷಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ಮಲಗಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಉಣುಗಿನಿಂದ ಹರಡುವ ಹೊಸ ವೈರಾಣುವನ್ನು ಪತ್ತೆ ಮಾಡಿದರು. ಅದಕ್ಕೆ ಆ ಕಾಡಿನ ಹೆಸರೇ ನಿಂತಿತು. ಜನರ ಬಾಯಲ್ಲಿ ಮಂಗನ ಕಾಯಿಲೆ. ಅದರ ಜತೆ ಕೆಲಸ ಮಾಡಿದ ಲ್ಯಾಬಿನವರೂ ಹಲವರು ಅದೇ ಜ್ವರಕ್ಕೆ ಬಿದ್ದರು. ಕಾಡಿಗೆ ಕಾಲಿಡದವರಿಗೂ ಕಾಡಿನ ರೋಗ ಮೇಜಿನ ಮೇಲಿಂದಲೇ ಬಂತು. ಇವತ್ತು ಅದನ್ನು ಬೆಳೆಸುವ ಕೆಲಸಕ್ಕೆ ಕಡಿಮೆಯೆಂದರೂ ಮೂರನೇ ಹಂತದ ಲ್ಯಾಬು ಬೇಕೆನ್ನುವುದು ಅದಕ್ಕೇ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ರೋಗಿಗಳ ಸ್ಯಾಂಪಲು ನಮ್ಮ ಮಣಿಪಾಲದ ವೈರಾಣು ಲ್ಯಾಬಿಗೆ ಬಂದು, ಅದು ನಿಫಾ ಎಂದು ಅಲ್ಲಿ ಗೊತ್ತಾಯಿತು. ಪುಣೆ ಅದನ್ನು ಖಚಿತಪಡಿಸಿತು. ಅಷ್ಟು ಅಪಾಯದ ಕೆಲಸ ಮಾಡಿಯೂ ಅದು ಬಾಗಿಲು ದಾಟದಂತೆ ನೋಡಿಕೊಂಡವರ ಹೆಸರು ಯಾರಿಗೂ ಗೊತ್ತಾಗುವುದಿಲ್ಲ.

ಗಡಿಯಾರ ನೋಡಿದೆ. ಇನ್ನೂ ಹನ್ನೆರಡು ನಿಮಿಷ. ಹುಡುಗ ತಲೆ ತಗ್ಗಿಸಿ ಅದೇ ಮಾತು ಎತ್ತಿದ: “ಆದ್ರೂ ಮೇಡಂ, ರಿಜಿಸ್ಟರ್‌ನಲ್ಲಿ ಬರೀಲೇಬೇಕಾ?”

ಆಗ ನಾನು ಇಪ್ಪತ್ತೊಂಬತ್ತು ವರ್ಷದಿಂದ ಯಾರಿಗೂ ಪೂರ್ತಿ ಹೇಳದಿದ್ದದ್ದನ್ನು ಹೇಳಿದೆ.

ನಾನು ಸೂಕ್ಷ್ಮದರ್ಶಕಕ್ಕೆ ಮೊದಲ ಸಲ ಕಣ್ಣಿಟ್ಟದ್ದು ಆಸ್ಪತ್ರೆಯಲ್ಲಲ್ಲ, ಮಾಗಡಿ ಕಡೆಯ, ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ. ಅಮ್ಮನ ತವರು ಆ ಕಡೆ; ಅದು ಮೈಸೂರು ತಳಿಯ ಬಿತ್ತನೆ ಗೂಡಿನ ಸೀಮೆ. ಸೋದರಮಾವ ಗೂಡು ಕೊಡಲು ಹೋದಾಗ ನನ್ನನ್ನೂ ಕರೆದೊಯ್ದಿದ್ದರು. ಅಲ್ಲಿ ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು, ಅದರ ರಸದ ಹನಿಯನ್ನು ಗಾಜಿನ ಮೇಲಿಟ್ಟು ನೋಡುತ್ತಿದ್ದರು. ಗಂಟು ರೋಗದ ಕಣ ಕಂಡರೆ ಆ ತಾಯಿಯ ಮೊಟ್ಟೆಯಷ್ಟನ್ನೂ ಸುಡುತ್ತಾರೆ, ಇಲ್ಲದಿದ್ದರೆ ರೈತರಿಗೆ ಕೊಡುತ್ತಾರೆ. 1865ರಲ್ಲಿ ಫ್ರಾನ್ಸಿನ ರೇಷ್ಮೆ ಬೆಳೆಗಾರರ ಗೋಳು ಕೇಳಿ ಹೊರಟ ಲೂಯಿ ಪಾಶ್ಚರ್ ಐದು ವರ್ಷ ಹುಳುವಿನ ಜತೆ ಕೂತು ಕಂಡುಕೊಂಡ ಪದ್ಧತಿ ಅದು. ಅಲ್ಲಿದ್ದವರು ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, “ನೋಡು ಪುಟ್ಟಿ, ಬೆಳ್ಳಗೆ ಮಿನುಗೋ ಅಕ್ಕಿ ಕಾಳಿನಂಥವು ಕಂಡವಾ?” ಎಂದರು. ಕಂಡವು. ನಾನು ಈ ಕೆಲಸಕ್ಕೆ ಬಂದದ್ದು ಆ ಒಂದು ನೋಟದಿಂದ.

ಅಷ್ಟು ಕಂಡು ಬಂದವಳು, 1991ರಲ್ಲಿ ಒಂದು ಸಣ್ಣ ಲ್ಯಾಬಿಗೆ ಸೇರಿದಾಗ ಎಲ್ಲ ಮರೆತೆ. ಆಗ ಹಿಮೋಗ್ಲೋಬಿನ್ ನೋಡಲು ರಕ್ತವನ್ನು ಗಾಜಿನ ಪಿಪೆಟ್ಟಿನಲ್ಲಿ ಬಾಯಿಂದ ಎಳೆಯುತ್ತಿದ್ದೆವು. ಸೂಜಿಗೆ ಕ್ಯಾಪು ತಿರುಗಿ ಹಾಕುತ್ತಿದ್ದೆವು. ಗ್ಲೌಸು ಆಪರೇಷನ್ ಥಿಯೇಟರಿನವರಿಗೆ ಮಾತ್ರ ಎಂದುಕೊಂಡಿದ್ದೆವು. ಕಲಿಸಿದವರು ಹಾಗೇ ಕಲಿತವರು. ಒಂದು ಮಧ್ಯಾಹ್ನ, ಒಬ್ಬರ ಎದೆಯಿಂದ ತೆಗೆದ ನೀರನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಲು ಇಟ್ಟಿದ್ದೆ. ಒಳಗೆ ‘ಟಕ್’ ಎಂದಿತು. ಗಾಜಿನ ಟ್ಯೂಬು ಒಡೆದಿತ್ತು. ಯಂತ್ರ ನಿಲ್ಲುವುದನ್ನೂ ಸರಿಯಾಗಿ ಕಾಯದೆ ಮುಚ್ಚಳ ತೆಗೆದು, ಮುಖ ಒಳಗಿಟ್ಟು ನೋಡಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಚೂರುಗಳನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದೆ. ಹೊಸಬಳು, ಬೈಗುಳದ ಭಯ. ರೋಗಿಯ ಮಗನಿಗೆ, “ನೀರು ಸಾಲದು, ಇನ್ನೊಂದು ಸಲ ತೆಗೀಬೇಕಾಗುತ್ತೆ” ಎಂದು ಸುಳ್ಳು ಹೇಳಿದೆ. ಆ ಮುದುಕರು ಇನ್ನೊಮ್ಮೆ ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡರು. ಸಂಜೆ ಕಸ ತೆಗೆಯುವ ಆಯಾ ಬೆರಳು ಕೊಯ್ದುಕೊಂಡಳು. “ಯಾರ ಗಾಜವ್ವ ಇದು?” ಎಂದು ಕೇಳಿದಳು. ನಾನು ತಲೆ ಎತ್ತಲಿಲ್ಲ.

ಏಳೆಂಟು ತಿಂಗಳಿಗೆ ನನಗೆ ಸಂಜೆ ಸಂಜೆ ಜ್ವರ, ಕೆಮ್ಮು, ಸೀರೆ ಸಡಿಲವಾಗುವಷ್ಟು ತೂಕ ಇಳಿತ. ಒಂದು ರಾತ್ರಿ ನನ್ನ ಕಫವನ್ನು ನಾನೇ ಸ್ಲೈಡು ಮಾಡಿ, ಕಾರ್ಬಾಲ್ ಫುಕ್ಸಿನ್ ಹಾಕಿ ಬಿಸಿ ಮಾಡಿ, ಆಸಿಡ್‌ನಲ್ಲಿ ತೊಳೆದು, ನೀಲಿ ಹಾಕಿ ನೋಡಿದೆ. ನೀಲಿಯ ನಡುವೆ ಕೆಂಪು ಕಡ್ಡಿಗಳು. ದಿನಾ ಬೇರೆಯವರದ್ದು ಎಣಿಸುತ್ತಿದ್ದವಳು ಅವತ್ತು ನನ್ನದನ್ನು ಎಣಿಸಿದೆ. ಆರು ತಿಂಗಳು ಮಾತ್ರೆ ನುಂಗಿ ಗುಣವಾದೆ. ಅದು ಆ ಟ್ಯೂಬಿನಿಂದಲೇ ಬಂತು ಎಂದು ಯಾರೂ ಹೇಳಲಾಗದು. ದಿನವೂ ಹತ್ತಾರು ಕಫದ ಡಬ್ಬಿ ತೆರೆಯುತ್ತಿದ್ದವಳು ನಾನು. ಆದರೆ ಸೆಂಟ್ರಿಫ್ಯೂಜಿನಲ್ಲಿ ಗಾಜು ಒಡೆದರೆ ಯಂತ್ರ ಆರಿಸಿ, ಅರ್ಧ ಗಂಟೆ ಮುಚ್ಚಳ ತೆಗೆಯಬಾರದು ಎಂಬ ಒಂದು ಮಾತು ಆ ಲ್ಯಾಬಿನಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಏಕೆಂದರೆ ಅಂಥದ್ದು ಮುಂಚೆ ಆದಾಗಲೂ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ನನ್ನ ಹಿಂದೆ ಆ ಮೇಜಿಗೆ ಬಂದವರೂ ಹಾಗೇ ಮುಚ್ಚಳ ತೆಗೆದಿರಬೇಕು. ಇದು ನನ್ನನ್ನು ಕಾಯಿಲೆಗಿಂತ ಹೆಚ್ಚು ಕಾಡಿದೆ.

“ಆಯಾಗೆ ಏನಾಯ್ತು ಮೇಡಂ?” ಎಂದ ಹುಡುಗ.

“ಏನೂ ಆಗಲಿಲ್ಲ. ನನ್ನ ಪುಣ್ಯ. ಎರಡು ವರ್ಷ ಆದ ಮೇಲೆ ಹೋಗಿ, ಆ ಗಾಜು ನಂದು ಅಂತ ಹೇಳಿದೆ. ‘ಅವತ್ತೇ ಹೇಳಿದ್ರೆ ನಾನು ಅಷ್ಟು ದಿನ ಹೆದರಿಕೊಂಡು ಇರ್ತಿರಲಿಲ್ಲವಲ್ಲವ್ವ’ ಅಂದಳು.”

ಒಂಬತ್ತು ಐವತ್ತು. ಎದ್ದೆವು. ಹೊಸ ಗೌನು, ಹೊಸ ಗ್ಲೌಸು. ಲ್ಯಾಬಿನಲ್ಲಿದ್ದ ಹೈಪೋಕ್ಲೋರೈಟ್ ಶೇ 5ರದ್ದು. ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಶೇ 1ರ ದ್ರಾವಣ ಮಾಡಿಕೊಂಡೆವು. ಹಿಂದಿನ ದಿನದ್ದು ಬಳಸುವಂತಿಲ್ಲ, ಅದರ ಶಕ್ತಿ ಇಳಿದುಹೋಗಿರುತ್ತದೆ. ಚೆಲ್ಲಿದ್ದರ ಮೇಲೆ ಹೀರುವ ಬಟ್ಟೆ ಹಾಸಿ, ಅಂಚಿನಿಂದ ನಡುವಿಗೆ ದ್ರಾವಣ ಸುರಿದೆವು. ನಡುವಿನಿಂದ ಸುರಿದರೆ ಕೊಳೆ ಹೊರಕ್ಕೆ ಹರಡುತ್ತದೆ. ಮತ್ತೆ ಅರ್ಧ ಗಂಟೆ. ಆಮೇಲೆ ಚಿಮುಟದಲ್ಲಿ ಎತ್ತಿ ಹಳದಿ ಚೀಲಕ್ಕೆ ಹಾಕಿ, ಮೇಜು, ಪೆಟ್ಟಿಗೆ, ಬಾಗಿಲ ಹಿಡಿಯನ್ನು ಎರಡನೇ ಸಲ ಒರೆಸಿದೆವು. ಹುಡುಗ ಚಿಮುಟ ಹಿಡಿದ ರೀತಿ ನೋಡಿದರೆ ಅಮ್ಮ ಕಡ್ಡಿಯಲ್ಲಿ ಹುಳು ಎತ್ತಿದಂತಿತ್ತು.

ರಿಜಿಸ್ಟರನ್ನು ನಾನು ಅವನ ಮುಂದೆ ತಳ್ಳಲಿಲ್ಲ. ಅವನೇ ಎಳೆದುಕೊಂಡ. ತಾರೀಖು, ಸಮಯ, ಟ್ಯೂಬಿನ ನಂಬರು, ಕ್ಯಾಬಿನೆಟ್ಟಿನ ಹೊರಗೆ ಬಿಚ್ಚಿದ್ದು, ಮಾಡಿದ್ದು, ಕೊನೆಗೆ ತನ್ನ ಹೆಸರು ಬರೆದ. ಕೆಳಗೆ ನಾನೂ ಸಹಿ ಹಾಕಿದೆ. ಆಮೇಲೆ ಸ್ಯಾಂಪಲು ಕಳಿಸಿದ ಕಡೆಗೆ ಅವನೇ ಫೋನು ಮಾ‌ಡಿ, “ನಮ್ಮ ಕೈಯಲ್ಲಿ ಚೆಲ್ಲಿದೆ ಸರ್, ದಯವಿಟ್ಟು ಇನ್ನೊಂದು ಸಲ ತೆಗೆಸಿ. ಮುಚ್ಚಳಾನೂ ಸಡಿಲ ಇತ್ತು, ನೋಡ್ಕೊಳ್ಳಿ” ಎಂದ. 1991ರಲ್ಲಿ ನಾನು ಹೇಳಬೇಕಾಗಿದ್ದ ಮಾತು ಅದು. ನಾವಿಬ್ಬರೂ ಕೆಲ ದಿನ ಬೇರೆ ಇದ್ದು ಪರೀಕ್ಷೆ ಮಾಡಿಸಿಕೊಂಡೆವು, ಸೋಂಕು ಇರಲಿಲ್ಲ. ಮನೆಯ ಮಾಲೀಕರ ಹತ್ತಿರ ನಾನೇ ಹೋಗಿ ಮಾತಾಡಿದೆ. ಅವರು ಹುಡುಗನನ್ನು ಹೊರಗೆ ಹಾಕಲಿಲ್ಲ. ಬಾಗಿಲ ಮುಂದೆ ಎರಡು ಹೊತ್ತು ಊಟ ಇಟ್ಟು ಹೋಗುತ್ತಿದ್ದರಂತೆ. ಮಾರನೇ ವಾರದಿಂದ ಪೆಟ್ಟಿಗೆ ಎಷ್ಟೇ ಹೊತ್ತಾಗಿ ಬಂದರೂ ನಮ್ಮಲ್ಲಿ ಯಾರೂ ಮೇಜಿನ ಮೇಲೆ ಬಿಚ್ಚಲಿಲ್ಲ. ಅವನು ಬರೆದಿದ್ದನ್ನು ಎಲ್ಲರೂ ಓದಿದ್ದರು.

ಇಷ್ಟು ಹೇಳಿ ಮುಗಿಸುವಾಗ ಬೆಂಕಿ ಕೆಂಡವಾಗಿತ್ತು. ತಂಗಿಯ ಮಗಳು ಕಡ್ಡಿ ಹಾಕುವುದನ್ನು ಯಾವಾಗಲೋ ನಿಲ್ಲಿಸಿದ್ದಳು. ನಿಧಾನಕ್ಕೆ ಎಡಗೈಯನ್ನು ಶಾಲಿನಿಂದ ತೆಗೆದಳು. ತೋರುಬೆರಳಿಗೆ ಸಣ್ಣ ಪಟ್ಟಿ.

“ಪ್ರಾಕ್ಟಿಕಲ್‌ಗೆ ವಾರ್ಡಿಗೆ ಕಳಿಸಿದ್ರು ದೊಡ್ಡಮ್ಮ. ರಕ್ತ ತೆಗೆದ ಸೂಜಿಗೆ ಕ್ಯಾಪ್ ಹಾಕೋಕೆ ಹೋಗಿ ಚುಚ್ಚಿಕೊಂಡೆ. ಯಾರಿಗೂ ಹೇಳಿಲ್ಲ.”

“ಯಾವತ್ತು?”

“ಇವತ್ತು ಮಧ್ಯಾಹ್ನ.”

ಬೈಯಲಿಲ್ಲ. ಸೋಪುನೀರಲ್ಲಿ ತೊಳೆದಳೋ, ಹಿಂಡಿದಳೋ ಎಂದು ಕೇಳಿದೆ. ತೊಳೆದಿದ್ದಳು, ಹಿಂಡಿರಲಿಲ್ಲ, ಅಷ್ಟು ನೆಮ್ಮದಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು, ಅದರಲ್ಲೂ ಮೊದಲ ಕೆಲವು ಗಂಟೆ ಬಲು ಮುಖ್ಯ. ಆ ರೋಗಿಯ ರಕ್ತದ ಪರೀಕ್ಷೆ ಆಗಬೇಕು, ಇವಳ ಹೆಪಟೈಟಿಸ್ ಬಿ ಲಸಿಕೆಯ ಲೆಕ್ಕ ನೋಡಬೇಕು. ಬೆಳಗಿನ ಬಸ್ಸು ಕಾಯುವ ಮಾತಲ್ಲ. ಭಾವನಿಗೆ ಗಾಡಿ ತೆಗೆಯಲು ಹೇಳಿ, ಕೊಡದಲ್ಲಿದ್ದ ನೀರನ್ನು ಕೆಂಡದ ಮೇಲೆ ಸುರಿದೆ.

ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಡಾಕ್ಟರು, “ಏನಾಯ್ತು?” ಎಂದು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ಬೆರಳು ಮುಂದೆ ಹಿಡಿದು, ಹೊತ್ತು, ವಾರ್ಡು, ಸೂಜಿ, ಎಲ್ಲವನ್ನೂ ಒಂದೊಂದಾಗಿ ಹೇಳಿದಳು.